ಕೊಳೆ ಕಡೆಯ ಸ್ಟೂಲುಗಳು

“ಮೂಸು! ಮುಖ ತಿರುಗಿಸ್ಬೇಡ ಮುಂಡೇದೆ, ಮೂಸು ಅಂದೆ!”

ಸೀಟಿ ಚೀಲದ ಬಾಯಿ ಬಿಚ್ಚಿ ದೊಡ್ಡಕ್ಕನ ಮೂಗಿಗೇ ಒಡ್ಡಿದ. ಒಳಗಿದ್ದದ್ದು ಆಸ್ಪತ್ರೆಯ ಹಾಸಿಗೆ ಬಟ್ಟೆ. ಬಿಗಿಯಾಗಿ ಕಟ್ಟಿದ ಪ್ಲಾಸ್ಟಿಕ್ಕಿನೊಳಗೆ ಬೆವೆತು, ಬೆಂದು, ಹಳಸಿ ಬಂದದ್ದು. ರಕ್ತ ಕಂದು ಬಣ್ಣಕ್ಕೆ ತಿರುಗಿ ಬಟ್ಟೆ ರಟ್ಟಿನ ಹಾಗೆ ಸೆಟೆದಿತ್ತು. ಮಡಿಕೆಯೊಳಗೆ ಯಾರದೋ ಹೇಲು, ಯಾರದೋ ಕೀವು, ಇನ್ನೂ ಆರಿರಲಿಲ್ಲ. ದೊಡ್ಡಕ್ಕನ ಕೆನ್ನೆಗಳು ಉಬ್ಬಿದವು. ಹೊಟ್ಟೆಯ ಪಿತ್ತ ಬಾಯಿಗೆ ಬಂದು ಒಂದು ಗಳಿಗೆ ಅಲ್ಲೇ ನಿಂತಿತು. ಅವಳು ಕಣ್ಣು ಮುಚ್ಚಿ ಅದನ್ನು ವಾಪಸು ನುಂಗಿಬಿಟ್ಟಳು.

“ನುಂಗಿದ್ಲು ನೋಡು!” ಸೀಟಿ ತೊಡೆ ತಟ್ಟಿ ನಕ್ಕ. “ಭೇಷ್! ಗಟ್ಟಿ ಹೊಟ್ಟೆ. ನಾಳೆಯಿಂದ ಬಾ.”

ಬಟ್ಟೆ ಒಗೆಯುವ ಆ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿಸಿಕೊಳ್ಳುತ್ತಿದ್ದದ್ದೇ ಹೀಗೆ. ಓದು ಬೇಕಿಲ್ಲ, ಅನುಭವ ಬೇಕಿಲ್ಲ, ಹೊಟ್ಟೆಯಲ್ಲಿದ್ದದ್ದು ಹೊಟ್ಟೆಯಲ್ಲೇ ಉಳಿದರೆ ಸಾಕು. ಊರಿನ ಆಸ್ಪತ್ರೆಗಳ ಕೊಳೆಯೆಲ್ಲ ಅಲ್ಲಿಗೆ ಬಂದು ಬೀಳುತ್ತಿತ್ತು. ಸೀಟಿ ಅಲ್ಲಿನ ಮೇಸ್ತ್ರಿ. ಕೊರಳಲ್ಲಿ ಯಾವಾಗಲೂ ಒಂದು ಸೀಟಿ ನೇತಾಡುತ್ತಿದ್ದುದರಿಂದ ಆ ಹೆಸರು ಬಿದ್ದಿತ್ತು. ಹೆತ್ತವರು ಇಟ್ಟ ಹೆಸರು ಏನೆಂದು ಯಾರೂ ಕೇಳಿರಲಿಲ್ಲ, ಕೇಳುವ ಆಸೆಯೂ ಯಾರಿಗೂ ಇರಲಿಲ್ಲ.

ಅವನು ಬಾಗಿಲ ಬಳಿ ನಿಂತಿದ್ದ ಗಯ್ಯಾಳಿಯ ಕಡೆ ತಿರುಗಿದ. “ಏಯ್, ಇವಳನ್ನ ಕರ್ಕೊಂಡು ಬಂದೋಳು ನೀನು. ನಾಕು ದಿನ ಮಾಡಿ ಬಿಟ್ಟೋದ್ರೆ ಇವಳ ಜೊತೆ ನಿನ್ನ ತಿಕಕ್ಕೂ ಒದ್ದು ಆಚೆ ಹಾಕ್ತೀನಿ. ತಿಳೀತಾ?”

“ತಿಳೀತು ಸಾರ್,” ಎಂದಳು ಗಯ್ಯಾಳಿ. ಮನೆಯಲ್ಲಿ, ಬೀದಿಯಲ್ಲಿ, ನಲ್ಲಿಯ ಸಾಲಿನಲ್ಲಿ ಯಾರಿಗೂ ಸೊಪ್ಪು ಹಾಕದವಳು ಎಂದೇ ಅವಳಿಗೆ ಆ ಅಡ್ಡಹೆಸರು. ಸೀಟಿಯ ಎದುರು ಮಾತ್ರ ಅವಳ ಬಾಯಿಗೆ ಬೀಗ. ಹೊಟ್ಟೆಪಾಡು ಎಂಥ ಗಯ್ಯಾಳಿಯನ್ನೂ ಮೆತ್ತಗೆ ಮಾಡುತ್ತದೆ, ಥೂ.

ದೊಡ್ಡಕ್ಕ ಅವಳ ಓರಗಿತ್ತಿ, ಗಂಡನ ಅಣ್ಣನ ಹೆಂಡತಿ. ಒಂದೇ ಸೂರಿನ ಕೆಳಗೆ ಎರಡು ಒಲೆ. ಅತ್ತೆ ಸತ್ತ ವರ್ಷ ಅವಳ ಹೊಲಿಗೆ ಮೆಷಿನ್ನು ಯಾರಿಗೆ ಸೇರಬೇಕು ಎಂದು ಶುರುವಾದ ಜಗಳ, ಮೆಷಿನ್ನು ತುಕ್ಕು ಹಿಡಿದರೂ ಮುಗಿದಿರಲಿಲ್ಲ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಹೇಳಲೇಬೇಕಾದದ್ದನ್ನು ನಡುವಿನ ಗೋಡೆಗೆ ಹೇಳುತ್ತಿದ್ದರು. “ಗೋಡೇ, ನೀರು ಬಂದಿದೆ ಅಂತ ಹೇಳು,” ಎಂದು ಇವಳು. “ಗೋಡೇ, ನಂಗೂ ಕಿವಿ ಇದೆ ಅಂತ ಹೇಳು,” ಎಂದು ಅವಳು. ಗಂಡಂದಿರು ಹೇಳಿ ಹೇಳಿ ಸಾಕಾಗಿ ಸುಮ್ಮನಾಗಿದ್ದರು.

ಹೀಗಿರುವಾಗ ದೊಡ್ಡಕ್ಕನ ಗಂಡ, ಗಯ್ಯಾಳಿಯ ಭಾವ, ಗಾರೆ ಕೆಲಸ ಮಾಡುತ್ತಿದ್ದವನು ಸಾರುವೆಯಿಂದ ಬಿದ್ದು ಬೆನ್ನು ಮುರಿದುಕೊಂಡ. ಹಾಸಿಗೆ ಹಿಡಿದವನು ಮತ್ತೆ ಏಳಲಿಲ್ಲ. ಒಂದು ಬೆಳಿಗ್ಗೆ ಗೋಡೆಯ ಆಚೆಯಿಂದ ದೊಡ್ಡಕ್ಕನ ಧ್ವನಿ ಬಂತು. “ಗೋಡೇ, ಆ ಹೇಲು ಬಟ್ಟೆ ಕೆಲಸದಲ್ಲಿ ಜಾಗ ಇದ್ಯಾ ಅಂತ ಕೇಳು.” ಗಯ್ಯಾಳಿ ಕೈಯಲ್ಲಿದ್ದ ಪಾತ್ರೆಯನ್ನು ತಿಕ್ಕಿ ಮುಗಿಸಿ ಬೋರಲು ಹಾಕಿದಳು. ಆಮೇಲೆ, “ಗೋಡೇ, ಬೆಳಿಗ್ಗೆ ಏನೂ ತಿನ್ನದೆ ಬರೋಕೆ ಹೇಳು,” ಎಂದಳು.

ಕಾರ್ಖಾನೆಯ ನಡುವೆ ಒಂದು ಗೋಡೆ. ಈಚೆಗೆ ಕೊಳೆ ಕಡೆ, ಆಚೆಗೆ ಚೊಕ್ಕ ಕಡೆ. ಒಗೆಯುವ ಯಂತ್ರಗಳು ಗೋಡೆಯೊಳಗೇ ಕೂತಿದ್ದವು. ಅವುಗಳ ಬಾಯಿ ಈಚೆ, ಹಿಂಬಾಗಿಲು ಆಚೆ. ಈಚೆಯವರು ತುಂಬಿದ್ದನ್ನು ಆಚೆಯವರು ಬೆಳ್ಳಗೆ ತೆಗೆದು, ಇಸ್ತ್ರಿ ಮಾಡಿ, ಮಡಚಿಡುತ್ತಿದ್ದರು. ಕೊಳೆ ಕಡೆಯವರು ಆ ಗೋಡೆಯ ಬಾಗಿಲು ದಾಟುವ ಹಾಗಿಲ್ಲ. ರೋಗ ಹರಡುತ್ತದೆ ಎಂದು ಕಾರಣ. ಊಟದ ಹೊತ್ತಿನಲ್ಲಿ ಮೈ ಕೈ ತೊಳೆದು ಸ್ವಂತ ಸೀರೆ ಉಟ್ಟು ಬಂದರೂ ಚೊಕ್ಕ ಕಡೆಯ ಹೆಂಗಸರು ಬೆಂಚಿನ ಮೇಲೆ ಜಾಗ ಬಿಟ್ಟು ಸರಿಯುತ್ತಿದ್ದರು. ಅದಕ್ಕೆ ಯಾವ ಕಾರಣ ಎಂದು ಯಾರೂ ಬರೆದು ಹಾಕಿರಲಿಲ್ಲ. ಚಹಾ ಹಂಚುವವನು ಕಿಂಡಿಯಲ್ಲಿ ಕೈ ಚಾಚಿ, ಲೋಟಕ್ಕೆ ಕೆಟಲು ತಾಗದಂತೆ ಎತ್ತರದಿಂದ ಹೊಯ್ಯುತ್ತಿದ್ದ. ಅರ್ಧ ಚಹಾ ಕೈಮೇಲೆ ಬೀಳುತ್ತಿತ್ತು.

ಕೊಳೆ ಕಡೆ ಎರಡು ಉದ್ದನೆಯ ಮೇಜು, ಒಂದು ಕಿಟಕಿಯ ಹತ್ತಿರ, ಇನ್ನೊಂದು ಚರಂಡಿಯ ಹತ್ತಿರ. ಚೀಲ ಸುರಿದು ಬಟ್ಟೆ ವಿಂಗಡಿಸುವುದೇ ಕೆಲಸ. ಹೊದಿಕೆ ಬೇರೆ, ಟವೆಲ್ಲು ಬೇರೆ, ಡಾಕ್ಟರ ನಿಲುವಂಗಿ ಬೇರೆ. ಮರೆತು ಬಂದ ಸೂಜಿ, ಹತ್ತಿ, ಉಚ್ಚೆಯ ನಳಿಕೆ, ಹಲ್ಲು, ಎಲ್ಲ ಆರಿಸಿ ತೆಗೆಯಬೇಕು. ಒಮ್ಮೆ ಒಂದು ಕಾಲ್ಬೆರಳೇ ಸಿಕ್ಕಿತ್ತು, ಉಗುರಿಗೆ ಬಣ್ಣ ಹಚ್ಚಿದ್ದು. ಸದಾ ಒದ್ದೆಯಾಗಿರುವ ಸಿಮೆಂಟು ನೆಲದ ಮೇಲೆ ರಬ್ಬರು ಬೂಟು ಹಾಕಿಕೊಂಡು ಬೆಳಗಿನಿಂದ ಸಂಜೆಯವರೆಗೂ ನಿಂತೇ ಇರಬೇಕು. ಕೂರುವ ಮಾತೆತ್ತಿದರೆ ಸೀಟಿಯ ಉತ್ತರ ಯಾವಾಗಲೂ ಒಂದೇ. “ಕುಂಡೆ ಊರಿದ್ರೆ ಕೈ ನಿಲ್ಲುತ್ತೆ.”

ಇಂಥ ಕಡೆ ಜನ ನಿಲ್ಲುವುದುಂಟೇ? ಬೆಳಿಗ್ಗೆ ಬಂದವರು ಮಧ್ಯಾಹ್ನ ಊಟಕ್ಕೆಂದು ಹೋದರೆ ಅವರ ಊಟ ಇವತ್ತಿಗೂ ಮುಗಿದಿಲ್ಲ. ವಾರಕ್ಕೊಂದು ಹೊಸ ಮುಖ. ಕೆಲಸ ಕಲಿಸುವಷ್ಟರಲ್ಲಿ ಅದೂ ಮಾಯ. ಯಜಮಾನ ತಲೆ ಚಚ್ಚಿಕೊಳ್ಳುತ್ತಿದ್ದ. ನಿಂತವರು ಬೇರೆ ದಾರಿಯೇ ಇಲ್ಲದವರು. ದೊಡ್ಡಕ್ಕ ಹಾಗೆ ನಿಂತಳು. ಅವಳ ಮೊಣಕಾಲಿನ ಕೆಳಗೆ ನರಗಳು ನೀಲಿಗಟ್ಟಿ ಹೊರಳಿಕೊಂಡಿದ್ದವು. ಕಾಲ ಹರಡಿನ ಮೇಲೆ ಒಂದು ಕಡೆ ಚರ್ಮ ಒಡೆದು ಹುಣ್ಣಾಗಿ, ಕೀವು ಕಟ್ಟತೊಡಗಿತ್ತು. ಕೂತು ಕೆಲಸ ಮಾಡಬೇಕು, ಆಗಾಗ ಕಾಲು ಎತ್ತಿಡಬೇಕು, ಹೀಗೇ ನಿಂತಿದ್ದರೆ ಕಾಲನ್ನೇ ತೆಗೆಯಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಆ ಸುದ್ದಿಯೂ ಗಯ್ಯಾಳಿಗೆ ಗೋಡೆಯ ಮೂಲಕವೇ ಬಂದದ್ದು. ಭಾವನಿಗೆ ಅವಳು ಹೇಳುತ್ತಿದ್ದಳು, ಇವಳಿಗೆ ಕೇಳಿಸಿತು.

ಆ ಹೊತ್ತಿಗೆ ಯಾಕಮ್ಮ ಬಂದಳು.

ದೊಡ್ಡ ಓದು ಓದಿದವಳು. ಜನ ಕೆಲಸ ಬಿಟ್ಟು ಯಾಕೆ ಹೋಗುತ್ತಾರೆ, ಹೇಗೆ ನಡೆಸಿಕೊಂಡರೆ ಉಳಿಯುತ್ತಾರೆ ಎಂದು ಹುಡುಕುವುದೇ ಅವಳ ಕೆಲಸವಂತೆ. ಅದಕ್ಕೂ ಸಂಬಳ ಕೊಡುತ್ತಾರೆ ಎಂದು ಕೇಳಿ ಕೊಳೆ ಕಡೆಯವರು ಮೂಗಿನ ಮೇಲೆ ಬೆರಳಿಟ್ಟರು. ಮಾತಿಗೆ ಮುಂಚೆ ‘ಯಾಕೆ’ ಎನ್ನುತ್ತಿದ್ದುದರಿಂದ ಅವಳಿಗೆ ಆ ಹೆಸರಿಟ್ಟರು. ಒಳ್ಳೆಯವಳೇ. ಎಲ್ಲರನ್ನೂ ಬಹುವಚನದಲ್ಲಿ ಕರೆಯುತ್ತಿದ್ದಳು. ಮೂಗಿಗೆ ಒಂದರ ಮೇಲೊಂದು ಮುಸುಕು ಕಟ್ಟಿಕೊಂಡು, ನೆಲದ ಹಳದಿ ಗೆರೆಯಿಂದ ಈಚೆಗೆ ಒಂದು ಹೆಜ್ಜೆಯೂ ಇಡದೆ, ಕತ್ತು ಓರೆ ಮಾಡಿ ಕೇಳಿಸಿಕೊಳ್ಳುತ್ತಿದ್ದಳು.

ಸೋಪಿನ ಪುಡಿಯ ಉಗ್ರಾಣದಲ್ಲಿ ಒಬ್ಬೊಬ್ಬರನ್ನೇ ಕರೆಸಿ ಮಾತಾಡಿಸಿದಳು.

“ಜನ ಇಲ್ಲಿಂದ ಯಾಕೆ ಬಿಟ್ಟು ಹೋಗ್ತಾರೆ ಅಂತ ನಿಮಗನ್ಸುತ್ತೆ?”

“ಬಿಟ್ಟೋದೋರನ್ನ ಕೇಳ್ರಮ್ಮ. ನಾವು ಇರೋರು,” ಎಂದಳು ಗಯ್ಯಾಳಿ.

“ಹಾಗಾದ್ರೆ ನೀವು ಯಾಕೆ ಇದ್ದೀರಿ?”

“ಬಿಟ್ಟೋಗೋಕೆ ಆಗಲ್ಲ, ಅದಕ್ಕೆ.”

ಯಾಕಮ್ಮ ನಕ್ಕು ಏನೋ ಗುರುತು ಹಾಕಿಕೊಂಡಳು. ಕೊನೆಗೆ ಒಂದು ದಿನ ಎಲ್ಲರನ್ನೂ ಸೇರಿಸಿ ವಿಷಯ ಹೇಳಿದಳು. ಎರಡು ಮೇಜಿನಲ್ಲಿ ಒಂದಕ್ಕೆ ಸ್ಟೂಲು ಬರುತ್ತದೆ. ಇನ್ನೊಂದು ಮೇಜಿನವರು ಈಗಿನ ಹಾಗೆಯೇ ನಿಂತು ಕೆಲಸ ಮಾಡಬೇಕು. ಕೆಲವು ತಿಂಗಳು ನೋಡುವುದು. ಸ್ಟೂಲಿನ ಮೇಜಿನಲ್ಲಿ ಜನ ಉಳಿದು, ನಿಂತ ಮೇಜಿನಲ್ಲಿ ಬಿಟ್ಟು ಹೋದರೆ, ಆಮೇಲೆ ಎಲ್ಲರಿಗೂ ಸ್ಟೂಲು. ಇಲ್ಲಷ್ಟೇ ಅಲ್ಲ, ಬೇರೆ ಕಾರ್ಖಾನೆಗಳಿಗೂ ಹೇಳಿ ಹಾಕಿಸುತ್ತೇವೆ ಎಂದಳು.

“ಈಗ್ಲೇ ಎಲ್ರಿಗೂ ಹಾಕ್ಬಿಡಿ ತಾಯಿ,” ಎಂದಳು ಬೊಚ್ಚುಬಾಯಿ ಅಜ್ಜಿ. ಕೊಳೆ ಕಡೆಯಲ್ಲಿ ಎಲ್ಲರಿಗಿಂತ ಹಳಬಳು ಅವಳು, ಬಾಯಲ್ಲಿ ಒಂದು ಹಲ್ಲೂ ಉಳಿದಿರಲಿಲ್ಲ.

“ಹಾಗೆ ಮಾಡಿದ್ರೆ ಸ್ಟೂಲಿಂದಾನೇ ಉಳಿದ್ರು ಅಂತ ಹೇಗೆ ಗೊತ್ತಾಗುತ್ತೆ ಅಜ್ಜಿ? ಹೋಲಿಸಿ ನೋಡೋಕೆ ಒಂದು ಮೇಜಿನವರು ನಿಂತಿರ್ಲೇಬೇಕು.”

“ನಿಂತೋರ ಕಾಲು?”

“ಸ್ವಲ್ಪ ದಿನ ಅಷ್ಟೇ,” ಎಂದಳು ಯಾಕಮ್ಮ ಮೆಲ್ಲಗೆ. “ಆದ್ರೆ ಒಂದು ಮಾತು. ಯಾರೂ ಜಾಗ ಬದಲಾಯಿಸೋ ಹಾಗಿಲ್ಲ.”

ಪಕ್ಷಪಾತ ಆಗಬಾರದು ಎಂದು ಚೀಟಿ ಎತ್ತಿಸಿದರು. ಕಿಟಕಿಯ ಮೇಜಿಗೆ ಸ್ಟೂಲು ಬಂತು. ಗಯ್ಯಾಳಿ ಕಿಟಕಿಯ ಮೇಜಿನವಳು. ದೊಡ್ಡಕ್ಕ ಚರಂಡಿಯ ಮೇಜಿನವಳು. ಸೀಟಿ ಸ್ಟೂಲುಗಳನ್ನು ಒಂದೊಂದಾಗಿ ಎಸೆಯುತ್ತ, “ಕೂತ್ಕೊಳ್ರಮ್ಮ ಮಹಾರಾಣೀರೇ, ಕೂತ್ಕೊಳ್ಳಿ. ಹಾಲು ಹಣ್ಣು ತರಿಸ್ಲಾ?” ಎಂದ.

ಮೊದಲ ದಿನ ಗಯ್ಯಾಳಿ ಕೂತಳು. ಸೊಂಟ ಸಡಿಲವಾಗಿ, ಹಿಮ್ಮಡಿಯ ಉರಿ ಇಳಿದು, ಎಷ್ಟೋ ವರ್ಷಗಳ ಮೇಲೆ ತನ್ನ ಮೈ ತನ್ನದೆನ್ನಿಸಿತು. ಎದುರಿಗೆ ಚರಂಡಿಯ ಮೇಜಿನಲ್ಲಿ ದೊಡ್ಡಕ್ಕ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದಳು. ಗಯ್ಯಾಳಿ ಆ ಕಡೆ ನೋಡದ ಹಾಗೆ ಕೂತಳು. ಅವಳ ಹಣೆಬರಹ, ಚೀಟಿ ಎತ್ತಿದ್ದು ನಾನಲ್ಲ ಎಂದುಕೊಂಡಳು. ಎಂದುಕೊಂಡ ಮೇಲೆ ಕೂತ ಸುಖವೆಲ್ಲ ಹಾಳಾಯಿತು. ತನ್ನ ಮೇಲೇ ಅಸಹ್ಯ ಹುಟ್ಟಿತು.

ಮಾರನೆಯ ದಿನ ದೊಡ್ಡಕ್ಕನ ಬೂಟಿನಿಂದ ಏನೋ ಸೋರುತ್ತಿರುವುದು ಕಾಣಿಸಿತು. ಅಷ್ಟರಲ್ಲಿ ಚೀಲ ಹೇರಿದ ಕೈಗಾಡಿ ಎರಡು ಮೇಜಿನ ನಡುವೆ ಬಂದು ನಿಂತಿತು. ಆಳೆತ್ತರದ ಗಾಡಿ; ಅದು ನಡುವೆ ಬಂದರೆ ಗಾಜಿನ ಕೋಣೆಯಲ್ಲಿ ಕೂತ ಸೀಟಿಗೆ ಏನೂ ಕಾಣುತ್ತಿರಲಿಲ್ಲ. ಗಯ್ಯಾಳಿ ಎದ್ದಳು. ಗಾಡಿಯ ಮರೆಯಲ್ಲಿ ಸರಸರನೆ ಹೋಗಿ ದೊಡ್ಡಕ್ಕನ ಮೊಣಕೈ ಹಿಡಿದಳು.

“ಹೋಗಿ ಕೂತ್ಕೋ.”

ದೊಡ್ಡಕ್ಕ ಸುತ್ತ ನೋಡಿದಳು. “ಯಾರಿಗೆ ಹೇಳಿದ್ದು?”

“ಇಲ್ಲಿ ಯಾವ ಗೋಡೆ ಇದ್ಯೇ? ನಿಂಗೇ ಹೇಳಿದ್ದು. ಹೋಗು, ಗಾಡಿ ಹೊರಟುಬಿಡುತ್ತೆ!”

ಗಾಡಿ ಮುಂದೆ ಸರಿದಾಗ ಕಿಟಕಿಯ ಮೇಜಿನಲ್ಲಿ ಒಬ್ಬಳು ಕೂತಿದ್ದಳು, ಚರಂಡಿಯ ಮೇಜಿನಲ್ಲಿ ಒಬ್ಬಳು ನಿಂತಿದ್ದಳು. ಎಲ್ಲರ ತಲೆಗೂ ನೀಲಿ ಟೋಪಿ, ಕಣ್ಣಿಗೆ ದಪ್ಪ ಕನ್ನಡಕ, ಬಾಯಿಗೆ ಮುಸುಕು, ಕೊರಳಿನಿಂದ ಕಾಲಿನವರೆಗೆ ನೀಲಿ ನಿಲುವಂಗಿ. ಹೆತ್ತ ಮಕ್ಕಳು ಬಂದು ನಿಂತರೂ ಯಾರು ತಾಯಿ ಎಂದು ಹೇಳಲಾರರು. ಸೀಟಿಗೆ ಬೇಕಾಗಿದ್ದದ್ದು ಒಂದು ಮೇಜಿನಲ್ಲಿ ಕುಂಡೆಗಳು ಊರಿರಬೇಕು, ಇನ್ನೊಂದರಲ್ಲಿ ಊರಿರಬಾರದು, ಅಷ್ಟೇ. ಯಾರದು ಎಂದು ಅವನೇಕೆ ನೋಡುತ್ತಾನೆ?

ಇದನ್ನು ಬೊಚ್ಚುಬಾಯಿ ಅಜ್ಜಿ ಕಂಡಳು. ಮುಂದಿನ ಗಾಡಿ ಬಂದಾಗ ಅವಳೂ ಎದ್ದು ಎದುರಿನವಳಿಗೆ ಕಣ್ಣು ಮಿಟುಕಿಸಿದಳು. ವಾರ ಕಳೆಯುವುದರೊಳಗೆ ಗಾಡಿ ಬಂದಾಗಲೆಲ್ಲ ಅರ್ಧ ಮೇಜು ಎದ್ದು ಆಚೆ ಹೋಗುವುದು, ಆಚೆಯ ಅರ್ಧ ಈಚೆ ಬರುವುದು ರೂಢಿಯಾಯಿತು. ಯಾರೂ ಕೂತು ಮಾತಾಡಿ ತೀರ್ಮಾನ ಮಾಡಿದ್ದಲ್ಲ. ಮುಟ್ಟಾದವಳಿಗೆ ಇವತ್ತು ಹೆಚ್ಚು ಹೊತ್ತು, ಜ್ವರ ಬಂದವಳಿಗೆ ನಾಳೆ. ಹೊಸದಾಗಿ ಬಂದು ಮಧ್ಯಾಹ್ನವೇ ಓಡಿಹೋಗಲು ನೋಡುತ್ತಿದ್ದ ಹುಡುಗಿಯೊಬ್ಬಳನ್ನು ಅಜ್ಜಿ ಗಾಡಿಯ ಮರೆಯಲ್ಲಿ ಎಳೆದು ತಂದು ಕೂರಿಸಿ, “ಅಳ್ಬೇಡ್ವೇ, ಕೂತ್ಕೊಂಡು ಮಾಡು, ವಾಸನೆ ಒಂದು ವಾರ ಅಷ್ಟೇ, ಆಮೇಲೆ ಮೂಗೇ ಸತ್ತೋಗುತ್ತೆ,” ಎಂದಳು. ಅವಳು ಉಳಿದಳು. ಅವಳ ಹಿಂದೆ ಬಂದವರೂ ಉಳಿದರು. ಮಾಯವಾಗುವವರೇ ಇಲ್ಲವಾದರು.

ಮನೆಯಲ್ಲೂ ಗೋಡೆಗೆ ಕೆಲಸ ತಪ್ಪಿತು. ಸಂಜೆ ಗಯ್ಯಾಳಿ ಬಿಸಿನೀರು ಕಾಯಿಸಿ ಓರಗಿತ್ತಿಯ ಹುಣ್ಣು ತೊಳೆಯುತ್ತಿದ್ದಳು. ಅಂಚಿನಲ್ಲಿ ಚರ್ಮ ಗುಲಾಬಿ ಬಣ್ಣಕ್ಕೆ ತಿರುಗಿ ಕೂಡಿಕೊಳ್ಳುತ್ತಿತ್ತು.

“ಒಣಗ್ತಿದೆ ಕಣೇ,” ಎಂದಳು ದೊಡ್ಡಕ್ಕ, ನಂಬಲಾಗದವಳ ಹಾಗೆ.

“ಒಣಗ್ದೆ ಏನು? ಹಗಲೆಲ್ಲ ಮಹಾರಾಣಿ ಥರ ಕೂತಿರ್ತೀಯ.”

“ಹೊಲಿಗೆ ಮೆಷಿನ್ ನೀನೇ ಇಟ್ಕೋ.”

“ಆ ತುಕ್ಕು ನಂಗ್ಯಾಕೆ? ನಿನ್ನ ತಲೆ ಮೇಲೆ ಇಟ್ಕೋ ಹೋಗು.” ಇಬ್ಬರೂ ನಕ್ಕರು. ಒಳಗಿನಿಂದ ಭಾವ, ಏನಾಯ್ತು, ಯಾರು ನಕ್ಕದ್ದು ಎಂದು ಗಾಬರಿಯಿಂದ ಕೂಗಿದ.

ತಿಂಗಳುಗಳು ಕಳೆದವು. ಒಂದು ಬೆಳಿಗ್ಗೆ ಬಂದು ನೋಡಿದರೆ ಸ್ಟೂಲುಗಳೆಲ್ಲ ಗೇಟಿನ ಹೊರಗೆ ಗುಜರಿ ಗಾಡಿಯಲ್ಲಿದ್ದವು.

ಸೀಟಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. “ಪರೀಕ್ಷೆ ಮುಗೀತು ಕಣ್ರೇ. ಓದಿದೋರು ಲೆಕ್ಕ ಹಾಕಿ ಹೇಳಿದ್ದಾರೆ. ಕೂತ ಮೇಜಲ್ಲೂ ಯಾರೂ ಬಿಟ್ಟೋಗ್ಲಿಲ್ಲ, ನಿಂತ ಮೇಜಲ್ಲೂ ಯಾರೂ ಬಿಟ್ಟೋಗ್ಲಿಲ್ಲ. ಕೆಲಸಾನೂ ಎರಡು ಕಡೆ ಅಷ್ಟಕ್ಕಷ್ಟೇ. ಕೂತ್ರೂ ನಿಂತ್ರೂ ಒಂದೇ ಅಂತೆ! ನಾನು ಬಾಯಿ ಬಡ್ಕೊಂಡು ಮೊದ್ಲೇ ಹೇಳಿರ್ಲಿಲ್ವಾ? ನಿಂತ್ಕೊಳ್ರೇ, ಎಲ್ಲಾ ನಿಂತ್ಕೊಳ್ಳಿ!”

ಸೀಟಿ ಊದಿದ. ಕೊಳೆ ಕಡೆಯವರು ಒಬ್ಬರ ಮುಖ ಒಬ್ಬರು ನೋಡಿದರು. ತಾವು ಏನು ಮಾಡಿಬಿಟ್ಟೆವು ಎನ್ನುವುದು ನಿಧಾನವಾಗಿ ತಲೆಗೆ ಇಳಿಯಿತು. ಚರಂಡಿಯ ಮೇಜಿನವರು ನರಳಿ, ಬಿದ್ದು, ಒಬ್ಬೊಬ್ಬರಾಗಿ ಬಿಟ್ಟು ಹೋಗಿದ್ದರೆ ಇವತ್ತು ಎಲ್ಲರಿಗೂ ಸ್ಟೂಲು ಸಿಗುತ್ತಿತ್ತು. ಹಂಚಿಕೊಂಡು ಕೂತಿದ್ದರಿಂದ ಯಾರಿಗೂ ಇಲ್ಲವಾಯಿತು.

“ಅಯ್ಯೋ ನಮ್ಮ ಬುದ್ಧಿಗಿಷ್ಟು ಬೆಂಕಿ ಹಾಕ,” ಎಂದಳು ಅಜ್ಜಿ.

ಆ ದಿನ ಮಧ್ಯಾಹ್ನ ಯಾಕಮ್ಮನ ಕಾರು ಅಂಗಳದಲ್ಲಿ ಕಂಡಿತು. ಗಯ್ಯಾಳಿ ಊಟ ಬಿಟ್ಟು ಓಡಿದಳು. ನಾವು ಮಾಡಿದ್ದು ಗೊತ್ತಾದರೆ ಕೆಲಸ ಹೋಗುತ್ತದೆ ಎಂದು ಉಳಿದವರು ಸೆರಗು ಹಿಡಿದು ಎಳೆದರು. ದೊಡ್ಡಕ್ಕನೇ, “ಬೇಡ ಕಣೇ, ಇರೋ ಕೂಳಿಗೂ ಕಲ್ಲು ಹಾಕ್ಬೇಡ,” ಎಂದಳು. ಗಯ್ಯಾಳಿ ಕೊಸರಿಕೊಂಡು ಹೋದಳು.

“ಅಮ್ಮಾ, ನಿಮ್ಮ ಲೆಕ್ಕ ತಪ್ಪಾಗಿದೆ.”

ಯಾಕಮ್ಮ ಕಾರಿನ ಬಾಗಿಲು ಹಿಡಿದು ನಿಂತಳು. “ಯಾಕೆ?”

“ನಾವು ಜಾಗ ಬದಲಾಯಿಸ್ಕೊಂಡ್ವಿ. ಗಾಡಿ ಬಂದಾಗ್ಲೆಲ್ಲ. ಮೊದಲ ವಾರದಿಂದ. ಎಲ್ಲರೂ ಕೂತಿದ್ದೀವಿ, ಎಲ್ಲರೂ ನಿಂತಿದ್ದೀವಿ. ಸ್ಟೂಲಿತ್ತು ಅಂತಾನೇ ಯಾರೂ ಬಿಟ್ಟೋಗಿಲ್ಲ.”

ಯಾಕಮ್ಮನ ಮುಖ ಬಿಳಿಚಿಕೊಂಡಿತು. “ಬದಲಾಯಿಸ್ಬೇಡಿ ಅಂತ ಹೇಳಿದ್ನಲ್ಲಾ. ಯಾಕೆ? ಯಾಕೆ ಹಾಗೆ ಮಾಡಿದ್ರಿ?”

“ಕಾಲು ನೋಯ್ತಿತ್ತು.”

“ಅದೇ ಅಲ್ವಾ ನೋಡ್ಬೇಕಾಗಿದ್ದದ್ದು!” ಎಂದು ಕೂಗಿದವಳು ಕೂಡಲೇ ಸುತ್ತ ನೋಡಿ ಧ್ವನಿ ತಗ್ಗಿಸಿದಳು. “ಇನ್ಯಾರಿಗಾದ್ರೂ ಹೇಳಿದ್ದೀರಾ? ಯಜಮಾನರಿಗೆ?”

“ಇಲ್ಲ. ನೀವೇ ಹೇಳಿ. ಇನ್ನೊಂದ್ಸಲ ಪರೀಕ್ಷೆ ಮಾಡಿ. ಈ ಸಲ ಬೇಕಾದ್ರೆ ನಾನೇ ನಿಂತಿರ್ತೀನಿ, ನಮ್ಮಕ್ಕ ಕೂತಿರ್ಲಿ. ಅವಳ ಕಾಲು ಹೋಗುತ್ತಮ್ಮ.”

“ಅದು ಹಾಗಾಗಲ್ಲ. ವರದಿ ಬರೆದು ಕಳಿಸಿಯಾಗಿದೆ. ಬೇರೆ ಊರಿನ ದೊಡ್ಡವರೆಲ್ಲ ಒಪ್ಪಿದ್ದಾರೆ. ಹೊರಗೆ ಕೆಲಸ ಕಮ್ಮಿ ಆಗಿದೆ, ಅದಕ್ಕೇ ಜನ ಬಿಟ್ಟು ಹೋಗಿಲ್ಲ ಅಂತ ನಾವು ಕಾರಣಾನೂ ಬರೆದಿದ್ದೀವಿ. ಈಗ ಹೋಗಿ ತಪ್ಪು ಅಂದ್ರೆ ನಮ್ಮ ಇಷ್ಟು ವರ್ಷದ ಶ್ರಮ...” ಆಮೇಲೆ ಗಯ್ಯಾಳಿಯ ಕೈ ಹಿಡಿಯಲು ಬಂದವಳು, ಆ ಕೈ ನೋಡಿ, ಕಾರಿನ ಬಾಗಿಲನ್ನೇ ಹಿಡಿದುಕೊಂಡಳು. “ನೀವು ಹೆದರ್ಬೇಡಿ. ನೀವು ಮಾಡಿದ್ದನ್ನ ನಾನು ಯಾರಿಗೂ ಹೇಳಲ್ಲ. ಸರೀನಾ? ಇಲ್ಲಿಗೇ ಬಿಟ್ಟುಬಿಡೋಣ.”

ಉಪಕಾರ ಮಾಡುತ್ತಿದ್ದಾಳೆ! ದಿನಾ ಊರಿನವರ ಹೇಲಿನಲ್ಲಿ ಕೈಯಾಡಿಸಿದರೂ ಬಾರದ ವಾಂತಿ, ಆ ಸುವಾಸನೆಯ ಕಾರಿನ ಪಕ್ಕದಲ್ಲಿ ಗಯ್ಯಾಳಿಗೆ ಬಂತು. ಗೋಡೆ ಹಿಡಿದು ಕಕ್ಕಿದಳು. ಯಾಕಮ್ಮ ಕಾರು ಹತ್ತಿ ಗಾಜು ಏರಿಸಿದಳು.

ಆಮೇಲೆ ಹುಣ್ಣು ಮತ್ತೆ ಬಾಯಿಬಿಟ್ಟಿತು. ಹರಡಿನಿಂದ ಮೀನಖಂಡದವರೆಗೆ ಕಪ್ಪಾಯಿತು. ದೊಡ್ಡಕ್ಕ ಮೇಜಿನ ಅಂಚು ಹಿಡಿದು ನಿಲ್ಲುತ್ತಿದ್ದಳು, ಒಂದೇ ಕೈಯಲ್ಲಿ ಬಟ್ಟೆ ವಿಂಗಡಿಸುತ್ತಿದ್ದಳು. ಮನೆಯಲ್ಲಿ ಪಟ್ಟಿ ಬಿಚ್ಚಿದರೆ ಗಯ್ಯಾಳಿ ಉಸಿರು ಹಿಡಿಯಬೇಕಾಗುತ್ತಿತ್ತು. ಅತ್ತಿತ್ತ ಕೇಳಿ ನೋಡಿದರು. ಆ ಕಾಲಿನವಳಿಗೆ ಬೇರೆ ಎಲ್ಲಿ ಕೆಲಸ ಕೊಡುತ್ತಾರೆ? ಹೊಸಬರು ಮತ್ತೆ ಮಾಯವಾಗತೊಡಗಿದರು. ಅದನ್ನು ಬಂದು ಯಾರೂ ನೋಡಲಿಲ್ಲ.

ಒಂದು ಬೆಳಿಗ್ಗೆ ಕಾರ್ಖಾನೆಯ ಮುಂದೆ ಸಾಲು ಸಾಲು ಕಾರು ನಿಂತಿದ್ದವು. ಬೇರೆ ಬೇರೆ ಊರಿನ ಇಂಥದ್ದೇ ಕಾರ್ಖಾನೆಗಳ ಯಜಮಾನರು, ಆಸ್ಪತ್ರೆಯ ದೊಡ್ಡವರು, ಎಲ್ಲ ಬಂದಿದ್ದರು. ಸ್ಟೂಲಿಗೆ ಕಾಸು ಸುರಿಯುವ ಅಗತ್ಯವಿಲ್ಲ ಎಂದು ಯಾಕಮ್ಮ ಅವರಿಗೆ ವಿವರಿಸುತ್ತಾಳಂತೆ ಎಂದು ಚಹಾದವನು ಕಿಂಡಿಯಲ್ಲಿ ಹೇಳಿದ.

ಅದೇ ಹೊತ್ತಿಗೆ ದೊಡ್ಡಕ್ಕ ಬಿದ್ದಳು. ಕೈಯಲ್ಲಿದ್ದ ಹೊದಿಕೆಯ ಸಮೇತ ಚರಂಡಿಯ ಬದಿಗೆ ಕುಸಿದಳು. ಸೀಟಿ ಗಾಜಿನ ಕೋಣೆಯಿಂದ ಹೊರಗೆ ಬಂದ. ಬೂಟಿನ ತುದಿಯಿಂದ ಅವಳ ಕಾಲನ್ನು ಮೆಲ್ಲಗೆ ತಿರುಗಿಸಿ ಮೂಗು ಮುಚ್ಚಿಕೊಂಡ.

“ಥೂ! ಈ ನಾತ ಬಟ್ಟೇದಾ, ನಿಂದಾ? ಕೊಳೆತೋಗಿದ್ಯಲ್ಲೇ! ಆಚೆ ನಡಿ. ಇವತ್ತಿಗೆ ಮುಗೀತು.”

“ಸಾರ್, ನಾಳೆ ಸರಿ ಹೋಗುತ್ತೆ ಸಾರ್...”

“ಏನು ಸರಿ ಹೋಗುತ್ತೆ, ನಿನ್ನ ತಲೆ. ನೋಡು, ನಾವು ತೆಗೆದಿದ್ದಲ್ಲ, ನೀನಾಗಿ ಬಿಟ್ಟೋಗ್ತಿರೋದು. ಕೇಳಿದ್ರೆ ಹಾಗೇ ಹೇಳ್ಬೇಕು. ಆಮೇಲೆ ಕಾಲು ಹೋಯ್ತು, ಕಾಸು ಕೊಡಿ ಅಂತ ಇಲ್ಲಿಗೆ ಬಂದ್ರೆ ಇನ್ನೊಂದು ಕಾಲೂ ಮುರೀತೀನಿ, ಬೋಳಿಮುಂಡೆ.” ಆಮೇಲೆ ಗಯ್ಯಾಳಿಯ ಕಡೆ ಬೆರಳು ತೋರಿಸಿದ. “ಕರ್ಕೊಂಡು ಬಂದೋಳು ನೀನಲ್ವಾ? ಇವಳ ಜೊತೆ ನೀನೂ ಕಟ್ಟು ಗಂಟು.”

ಗಯ್ಯಾಳಿ ಕೈಗವಸು ಬಿಚ್ಚಲಿಲ್ಲ. ಬಗ್ಗಿ ಓರಗಿತ್ತಿಯ ತೋಳನ್ನು ತನ್ನ ಹೆಗಲ ಮೇಲೆ ಹಾಕಿಕೊಂಡು ಎಬ್ಬಿಸಿದಳು. ಕಕ್ಕಿದ ವಾಂತಿಯ ಹಾಗೆ ಇಷ್ಟು ವರ್ಷ ಬಾಯಲ್ಲಿ ತಡೆದದ್ದೆಲ್ಲ ಒಮ್ಮೆಗೇ ಬಂತು.

“ಬೋಳಿಮಗನೆ, ನಿನ್ನ ಕಾಲು ಕೊಳೀಬೇಕು ಕಣೋ! ಆ ಸೀಟಿ ನಿನ್ನ ಗಂಟಲಿಗೆ ಸಿಕ್ಕಿ ಸಾಯ್ಬೇಕು! ಸರಿಯೋ ದಾರಿ ಬಿಟ್ಟು.”

ಸೀಟಿ ಕೈಯೆತ್ತಿದ. ಬೊಚ್ಚುಬಾಯಿ ಅಜ್ಜಿ ಮೇಜಿನ ಮೇಲಿದ್ದ ಒಂದು ಹೊದಿಕೆ ಎತ್ತಿ ಅವನ ಮುಖದ ಮೇಲೆ ಹಾಕಿದಳು. ಯಾವ ಹೊದಿಕೆ, ಅದರಲ್ಲಿ ಏನಿತ್ತು ಎಂದು ಹೇಳುವ ಅಗತ್ಯವಿಲ್ಲ. ಅವನು ಅಲ್ಲೇ ಮಂಡಿಯೂರಿ ಓ ಎಂದು ಕಕ್ಕತೊಡಗಿದ.

ಗಯ್ಯಾಳಿ ಗೇಟಿನ ಕಡೆ ಹೋಗಲಿಲ್ಲ. ನಡುಗೋಡೆಯ ಬಾಗಿಲನ್ನು ಭುಜದಿಂದ ದೂಡಿದಳು. ಚೊಕ್ಕ ಕಡೆಯ ಹೆಂಗಸರು ಚೀರಿ, ಇಸ್ತ್ರಿಯಾದ ಬಟ್ಟೆಗಳನ್ನು ತಬ್ಬಿಕೊಂಡು ಪಕ್ಕಕ್ಕೆ ಸರಿದರು. ಅವಳ ಹಿಂದೆ ಅಜ್ಜಿ, ಅಜ್ಜಿಯ ಹಿಂದೆ ಎರಡೂ ಮೇಜಿನವರು. ಬಿಳಿ ನೆಲದ ಮೇಲೆ ರಬ್ಬರು ಬೂಟುಗಳು ಒತ್ತಿದ ಗುರುತು ಉದ್ದಕ್ಕೂ ಬಿತ್ತು.

ಮುಂದಿನ ಕೋಣೆಯಲ್ಲಿ ತಣ್ಣನೆಯ ಗಾಳಿ, ಗೋಡೆಯ ಮೇಲೆ ಏನೋ ಗೆರೆಗಳ ಚಿತ್ರ. ಯಾಕಮ್ಮ ಅದರ ಮುಂದೆ ನಿಂತು ಕೋಲಿನಿಂದ ತೋರಿಸುತ್ತಿದ್ದಳು. ಅತಿಥಿಗಳು ಕೆನೆ ಬಣ್ಣದ ಸೋಫಾಗಳಲ್ಲಿ ಮುಳುಗಿ, ನಡುವಿನ ಗಾಜಿನ ಮೇಜಿನಿಂದ ಬಿಸ್ಕತ್ತು ತೆಗೆದುಕೊಳ್ಳುತ್ತಿದ್ದರು. ಬಾಗಿಲು ತೆರೆದದ್ದೇ ತಡ, ವಾಸನೆ ಒಳಗೆ ಹೊಕ್ಕಿತು. ಒಬ್ಬ ಬಾಯಿಗಿಟ್ಟ ಬಿಸ್ಕತ್ತನ್ನು ಕೈಗೆ ಉಗುಳಿಕೊಂಡ. ಎಲ್ಲರೂ ಧಡಕ್ಕನೆ ಎದ್ದು ಗೋಡೆಗೆ ಅಂಟಿಕೊಂಡರು.

“ಏಯ್! ಯಾರ್ರೀ ಬಿಟ್ಟಿದ್ದು ಇವರನ್ನ? ಹೋಗ್ರೇ ಆಚೆ!” ಯಜಮಾನ ಕರವಸ್ತ್ರ ಮೂಗಿಗೊತ್ತಿ ಕಿರುಚಿದ.

ಗಯ್ಯಾಳಿ ದೊಡ್ಡಕ್ಕನನ್ನು ಸೋಫಾದ ಮೇಲೆ ಕೂರಿಸಿದಳು. ಪಕ್ಕದಲ್ಲಿ ತಾನೂ ಕೂತಳು. ಅಜ್ಜಿ ಕೂತಳು. ಹಿಂದಿನಿಂದ ಬಂದವರೆಲ್ಲ ಸಿಕ್ಕ ಸಿಕ್ಕ ಕಡೆ ಕೂತರು, ರಕ್ತ ಕೀವು ಮೆತ್ತಿದ ನಿಲುವಂಗಿಗಳ ಸಮೇತ. ಸೋಫಾದ ಬಟ್ಟೆ ಮೆಲ್ಲಗೆ ಬಣ್ಣ ತಿರುಗತೊಡಗಿತು.

“ಏಳ್ರೇ! ಏಳಿ ಮೇಲೆ! ಪೊಲೀಸ್ನ ಕರೆಸ್ತೀನಿ!”

“ಕರೆಸಿ,” ಎಂದಳು ಗಯ್ಯಾಳಿ. “ಅವರು ಬರೋ ತನಕ ನೀವು ನಿಂತಿರಿ. ಕೂತ್ರೂ ನಿಂತ್ರೂ ಒಂದೇ ಅಂತೆ. ಆಯಮ್ಮ ಲೆಕ್ಕ ಹಾಕಿದ್ದಾರೆ.”

ಯಾಕಮ್ಮ ಕೋಲು ಹಿಡಿದುಕೊಂಡೇ ಬಾಗಿಲಿನ ಕಡೆ ಒಂದು ಹೆಜ್ಜೆ ಇಟ್ಟಳು. ಬಾಗಿಲಲ್ಲೂ ಕೊಳೆ ಕಡೆಯವರೇ ಕೂತಿದ್ದರು, ನೆಲದ ಮೇಲೆ, ಕಾಲು ಚಾಚಿ. ಅವಳು ದಾಟಲಾರದೆ ನಿಂತಳು.

ದೊಡ್ಡಕ್ಕ ಬೂಟು ಕಳಚಿದಳು. ಎರಡೂ ಕೈಯಿಂದ ಕಾಲನ್ನು ಹಿಡಿದು ಎತ್ತಿ, ಚಹಾದ ಕಪ್ಪುಗಳನ್ನು ಹಿಮ್ಮಡಿಯಿಂದಲೇ ಸರಿಸಿ, ಗಾಜಿನ ಮೇಜಿನ ಮೇಲಿಟ್ಟಳು. ಒಂದು ಕಪ್ಪು ಉರುಳಿ ಬಿಸ್ಕತ್ತಿನ ತಟ್ಟೆಯಲ್ಲೆಲ್ಲ ಚಹಾ ಹರಿಯಿತು. ಅವಳು ಅದನ್ನು ನೋಡಲಿಲ್ಲ. ಪಟ್ಟಿಯ ಗಂಟಿಗೆ ಕೈಹಾಕಿ ಯಾಕಮ್ಮನನ್ನು ಕರೆದಳು.

“ಬಾರಮ್ಮ, ಹತ್ರ ಬಾ. ಕಾಲು ನೋಯೋದನ್ನೇ ನೋಡ್ಬೇಕಾಗಿತ್ತು ಅಂದ್ಯಂತಲ್ಲ.”

ಪಟ್ಟಿ ಹುಣ್ಣಿಗೆ ಅಂಟಿಕೊಂಡಿತ್ತು. ಅವಳು ಹಲ್ಲು ಕಚ್ಚಿ, ಒಂದೊಂದೇ ಸುತ್ತು ಬಿಚ್ಚತೊಡಗಿದಳು.